ಬಾಯಿಪಾಠ ಅಂದ್ರೆ ಗಿಳಿಪಾಠವೇ?

ಬಾಯಿಪಾಠ ಅಂದ ಕೂಡಲೇ ಈಗ ಮೂಗು ಮುರಿಯುವವರೇ ಜಾಸ್ತಿ. ಅರ್ಥ ಗೊತ್ತಿಲ್ಲದೆ ಗಿಳಿ ಥರ ಒದರೋದು ಒಂದು ಕಲಿಕೆಯೇ ಅಂತ ಕೇಳ್ತಾರೆ. ಈ ಗಿಳಿಯ ಹೋಲಿಕೆ ಇವತ್ತಿನದಲ್ಲ. ಸುಮಾರು 200 ವರ್ಷದ ಹಿಂದೆ, ನಮ್ಮ ಬಳ್ಳಾರಿ ಜಿಲ್ಲೆಯ ಮಕ್ಕಳ ಬಗ್ಗೆಯೇ ಒಬ್ಬ ಇಂಗ್ಲಿಷ್ ಅಧಿಕಾರಿ ಇದನ್ನ ಬರೆದಿದ್ದಾನೆ.

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಎಲ್ಲ ಜಿಲ್ಲೆಗಳಿಂದ ಊರ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು. ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಈತ 1816ರಲ್ಲೇ ತೆಲುಗು ವ್ಯಾಕರಣ ಬರೆದಿದ್ದವನು, ಭಾಷೆಯ ವಿಷಯದಲ್ಲಿ ಕಿವಿ ಚುರುಕು. ಧರಂಪಾಲ್ ಅವರು 1983ರ 'ದಿ ಬ್ಯೂಟಿಫುಲ್ ಟ್ರೀ' ಪುಸ್ತಕದಲ್ಲಿ ಈ ವರದಿಯನ್ನ ಮತ್ತೆ ಅಚ್ಚು ಹಾಕಿಸಿದ್ದರಿಂದ ನಮ್ಮಂಥವರಿಗೂ ಓದಲು ಸಿಕ್ಕಿತು.

ಲೆಕ್ಕ ಹೀಗಿದೆ: 533 ಶಾಲೆಗಳು, 6,641 ಮಕ್ಕಳು. ಅದರಲ್ಲಿ ಕನ್ನಡ ಶಾಲೆ 235, ತೆಲುಗು 226. ಹುಡುಗಿಯರು ಬರೀ 60!

ಆ ಶಾಲೆಯಲ್ಲಿ ಅಕ್ಷರ ಕಲಿಯೋದು ಮರಳಿನ ಮೇಲೆ ಬೆರಳಿನಿಂದ. ಯುರೋಪಿನವರ ಥರ ಬರೀ ಉಚ್ಚರಿಸಿ ಕಲಿಯಲ್ಲ, ಬರೆದು ಕಲೀತಾರೆ ಅಂತ ಕ್ಯಾಂಪ್‌ಬೆಲ್ ಬರೆದಿದ್ದಾನೆ. ಆಮೇಲೆ ಕಾಗುಣಿತ. ಅದಾದ ಮೇಲೆ ಮನುಷ್ಯರ, ಊರುಗಳ, ಪ್ರಾಣಿಗಳ ಹೆಸರು. ಬರೆಯೋಕೆ ಹಲಗೆ, ಕಡತ. ಲೆಕ್ಕದ ಕೋಷ್ಟಕ ಮಾತ್ರ ಬಾಯಿಗೆ ಬರಬೇಕು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡೋ ಪದ್ಧತಿಯನ್ನಂತೂ ಅವನು ಹೊಗಳಿದ್ದಾನೆ.

ಹಾಗಾದ್ರೆ ಗಿಳಿ ಎಲ್ಲಿಂದ ಬಂತು? ಪದ್ಯದ ಪುಸ್ತಕಗಳಿಂದ. ಅವು ಹಳೆಯ ಕಾವ್ಯದ ಭಾಷೆಯಲ್ಲಿದ್ದವು, ಆಡುಮಾತಿಗೂ ಅದಕ್ಕೂ ಅಜಗಜಾಂತರ. ಲಿಪಿ ಒಂದೇ ಆದ್ದರಿಂದ ಓದಬಹುದು, ಅರ್ಥ ಮಾತ್ರ ಆಗಲ್ಲ. ಎಷ್ಟೋ ಕಡೆ ಕಲಿಸುವವರಿಗೂ ಅಷ್ಟೇ. ಹುಡುಗರು ನೂರಾರು ಪದ್ಯ ತಪ್ಪಿಲ್ಲದೆ ಹೇಳ್ತಾರೆ, ಆದರೆ ಗಿಳಿಗೆ ಗೊತ್ತಿರುವಷ್ಟೇ ಅವರಿಗೂ ಗೊತ್ತು ಅನ್ನೋದು ಅವನ ದೂರು.

ನನಗೆ ಮುಖ್ಯ ಅನ್ನಿಸಿದ್ದು ಇದು. ಒಂದೇ ಶಾಲೆ, ಒಂದೇ ಹುಡುಗ. ಪಕ್ಕದ ಊರಿನ ಹೆಸರು ಹತ್ತು ಸಲ ಬರೆದರೆ ಕಲಿಕೆ, ಗೊತ್ತಿಲ್ಲದ ಪದ್ಯ ಹತ್ತು ಸಲ ಹೇಳಿದರೆ ಗಿಳಿಪಾಠ. ಅಂದ್ರೆ ತಪ್ಪು ಮತ್ತೆ ಮತ್ತೆ ಹೇಳೋದರಲ್ಲಿ ಇಲ್ಲ. ಬದುಕಿಗೆ ಸಂಬಂಧ ಇಲ್ಲದ ಮಾತನ್ನ ಹೇಳಿಸೋದರಲ್ಲಿದೆ.

ಇನ್ನೊಂದು ಕಡೆ ನೋಡಿ. ಶಾಲೆಯ ಮುಖವನ್ನೇ ನೋಡದ ಹೆಣ್ಣುಮಕ್ಕಳು ಬೀಸೋ ಕಲ್ಲಿನ ಮುಂದೆ, ಸೋಬಾನೆಯಲ್ಲಿ ಹಾಡು ಕಲಿತರು. ಒಬ್ಬರು ಹೇಳೋದು, ಉಳಿದವರು ಸೊಲ್ಲು ಹಿಡಿಯೋದು. ಅದೂ ಬಾಯಿಪಾಠವೇ ತಾನೇ? ಅವರನ್ನ ಯಾರೂ ಗಿಳಿ ಅನ್ನಲಿಲ್ಲ, ಯಾಕಂದ್ರೆ ಹಾಡಿನ ಒಂದೊಂದು ಪದವೂ ಅವರ ಮನೆಯದೇ.

ನಮ್ಮ ಆಫೀಸಿನಲ್ಲಿ ಉತ್ತರ ಭಾರತದ ಗೆಳೆಯನೊಬ್ಬ ಕನ್ನಡ ಕಲೀತಿದ್ದಾನೆ. ಅವನಿಗೆ 'ಳ' ನಾಲಿಗೆಗೆ ಹತ್ತುತ್ತಿರಲಿಲ್ಲ. ಊಟದ ಹೊತ್ತಲ್ಲಿ ಹಲ್ಲಿ–ಹಳ್ಳಿ, ಬೆಲೆ–ಬೆಳೆ, ಹಾಲು–ಹಾಳು ಅಂತ ಆಟದ ಥರ ಜೋರಾಗಿ ಹೇಳಿಸ್ತೀವಿ. ಪಕ್ಕದ ಟೇಬಲಿನವರು ನಗ್ತಾರೆ, ನಗಲಿ ಬಿಡಿ :) ಈಗ ಅಂಗಡಿಗೆ ಹೋಗಿ ಟೊಮ್ಯಾಟೊ ಬೆಲೆ ಅವನೇ ಕೇಳ್ತಾನೆ, 'ಬೆಳೆ' ಅನ್ನಲ್ಲ. ಹೇಳಿದ ಪದ ಅದೇ ಸಂಜೆ ಉಪಯೋಗಕ್ಕೆ ಬಂತಲ್ಲ, ಅಷ್ಟು ಸಾಕು.

ಮಕ್ಕಳಿಗೆ ಕಾಗುಣಿತ ರಾಗವಾಗಿ ಹೇಳಿಸೋಕೆ ಹಿಂಜರಿಯಬೇಡಿ. ಜೊತೆಗೆ ಆ ಅಕ್ಷರದಿಂದ ಶುರುವಾಗೋ ಹೆಸರೊಂದನ್ನ ಅವರ ಬೀದಿಯಲ್ಲೇ ಹುಡುಕಿಸಿ. ಏನಂತೀರಾ?