ಥೈರಾಯ್ಡ್ ರಕ್ತ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲೇ ಹೋಗಬೇಕೇ?

ಸಾರಾಂಶ
ಥೈರಾಯ್ಡ್ ಪರೀಕ್ಷೆಗೆ ಮೊದಲು 12 ಗಂಟೆ ಉಪವಾಸ ಇರದಿದ್ದರೆ ವರದಿ ತಪ್ಪಾಗುತ್ತದೆ ಎಂಬ ಮಾತು ವಾಟ್ಸಾಪ್‌ನಲ್ಲಿ ಹರಿದಾಡುತ್ತದೆ. ನಾವು ಇದನ್ನು ಪರಿಶೀಲಿಸಿದಾಗ ಈ ಹೇಳಿಕೆ ಬಹುಪಾಲು ತಪ್ಪು ಎಂದು ಕಂಡುಬಂದಿದೆ. ಉಪವಾಸಕ್ಕಿಂತ ರಕ್ತ ಕೊಡುವ ಸಮಯ ಮತ್ತು ನೀವು ನುಂಗುವ ಮಾತ್ರೆಗಳು ಹೆಚ್ಚು ಮುಖ್ಯ.

ಉಪವಾಸ ಕಡ್ಡಾಯವೇ?
ಇಲ್ಲ. ಟಿಎಸ್‌ಎಚ್, ಟಿ3, ಟಿ4 ಪರೀಕ್ಷೆಗಳಿಗೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ಊಟದ ನಂತರ ಟಿಎಸ್‌ಎಚ್ ಸ್ವಲ್ಪ ಇಳಿಯಬಹುದು, ಆದರೆ ಅಷ್ಟಕ್ಕೇ ವರದಿ ನಿಷ್ಪ್ರಯೋಜಕವಾಗುವುದಿಲ್ಲ.

ಹಾಗಾದರೆ ಲ್ಯಾಬ್‌ನವರು ಖಾಲಿ ಹೊಟ್ಟೆಯಲ್ಲಿ ಬನ್ನಿ ಎನ್ನುವುದೇಕೆ? ಹೆಚ್ಚಿನ ಪ್ಯಾಕೇಜ್‌ಗಳಲ್ಲಿ ಥೈರಾಯ್ಡ್ ಜೊತೆಗೆ ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಗಳೂ ಇರುತ್ತವೆ. ಉಪವಾಸ ಬೇಕಾಗುವುದು ಅವುಗಳಿಗೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಥೈರಾಯ್ಡ್ ಪರೀಕ್ಷೆಗೆಂದು ಸುಮ್ಮನೆ ಹಸಿದು ಕೂತರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು.

ಸಮಯ ಏಕೆ ಮುಖ್ಯ?
ಟಿಎಸ್‌ಎಚ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಮಧ್ಯರಾತ್ರಿಯಿಂದ ನಸುಕಿನವರೆಗೆ ಏರಿ, ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ಬೆಳಿಗ್ಗೆ 8ಕ್ಕೆ ಮಿತಿಗಿಂತ ಸ್ವಲ್ಪ ಹೆಚ್ಚು ಬಂದ ಅಂಕಿ, ಅದೇ ವ್ಯಕ್ತಿಗೆ ಮಧ್ಯಾಹ್ನ ಮಿತಿಯೊಳಗೇ ಬರಬಹುದು. ಕಳೆದ ಸಲ ಬೆಳಿಗ್ಗೆ, ಈ ಸಲ ಸಂಜೆ ಪರೀಕ್ಷೆ ಮಾಡಿಸಿದರೆ ಕಾಯಿಲೆ ಹತೋಟಿಗೆ ಬಂದಿದೆ ಎಂಬ ತಪ್ಪು ಭಾವನೆ ಬರಬಹುದು. ಆದ್ದರಿಂದ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಸಾಧ್ಯವಾದರೆ ಬೆಳಿಗ್ಗೆ, ಒಂದೇ ಲ್ಯಾಬ್‌ನಲ್ಲಿ ಪರೀಕ್ಷಿಸುವುದು ಒಳ್ಳೆಯದು.

ಅಂದು ಥೈರಾಯ್ಡ್ ಮಾತ್ರೆ ನುಂಗಬಹುದೇ?
ಲೆವೊಥೈರಾಕ್ಸಿನ್ ಮಾತ್ರೆ ನುಂಗಿದ ಕೆಲವು ಗಂಟೆ ರಕ್ತದಲ್ಲಿ ಟಿ4 ತಾತ್ಕಾಲಿಕವಾಗಿ ಏರುತ್ತದೆ. ಹಾಗಾಗಿ ಮೊದಲು ರಕ್ತ ಕೊಟ್ಟು, ನಂತರ ಮಾತ್ರೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ ಮಾಡಿ. ಅಂದಿನ ಮಾತ್ರೆಯನ್ನು ಪೂರ್ತಿ ಬಿಡಬೇಡಿ. ವರದಿ ಚೆನ್ನಾಗಿ ಬರಲಿ ಎಂದು ಹಲವು ದಿನ ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ. ಡೋಸ್ ಬದಲಾದ ಮೇಲೆ ಟಿಎಸ್‌ಎಚ್ ಸ್ಥಿರವಾಗಲು 6ರಿಂದ 8 ವಾರ ಬೇಕು. ಅದಕ್ಕೂ ಮೊದಲೇ ಪರೀಕ್ಷಿಸಿದರೆ ಸರಿಯಾದ ಚಿತ್ರಣ ಸಿಗುವುದಿಲ್ಲ.

ಕೂದಲಿನ ಮಾತ್ರೆಗೂ ಇದಕ್ಕೂ ಏನು ಸಂಬಂಧ?
ಕೂದಲು, ಉಗುರಿನ ಆರೋಗ್ಯಕ್ಕೆಂದು ಮಾರುವ ಅನೇಕ ಮಾತ್ರೆಗಳಲ್ಲಿ ಬಯೋಟಿನ್ ಹೆಚ್ಚಿನ ಪ್ರಮಾಣದಲ್ಲಿ ಇರುತ್ತದೆ. ಇದು ದೇಹದ ಹಾರ್ಮೋನನ್ನು ಬದಲಿಸುವುದಿಲ್ಲ, ಲ್ಯಾಬ್‌ನ ಪರೀಕ್ಷಾ ವಿಧಾನಕ್ಕೆ ಅಡ್ಡಿಪಡಿಸುತ್ತದೆ. ಆಗ ಟಿಎಸ್‌ಎಚ್ ಕಡಿಮೆ, ಟಿ4 ಹೆಚ್ಚು ಎಂದು ಸುಳ್ಳು ಅಂಕಿ ಬಂದು, ಆರೋಗ್ಯವಂತರಿಗೂ ಹೈಪರ್‌ಥೈರಾಯ್ಡಿಸಮ್ ಇದೆ ಎಂದು ತೋರಬಹುದು. ಬಯೋಟಿನ್‌ನಿಂದ ಲ್ಯಾಬ್ ಪರೀಕ್ಷೆಗಳಿಗೆ ಆಗುವ ಅಡ್ಡಿಯ ಬಗ್ಗೆ ಅಮೆರಿಕದ ಎಫ್‌ಡಿಎ 2017ರಲ್ಲಿ ಎಚ್ಚರಿಕೆ ನೀಡಿತ್ತು. ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ಇಂಥ ಮಾತ್ರೆ ನಿಲ್ಲಿಸಿ. ಪ್ರಮಾಣ ತುಂಬಾ ಹೆಚ್ಚಿದ್ದರೆ ವೈದ್ಯರನ್ನು ಕೇಳಿ.

ಗರ್ಭಿಣಿಯರು ಏನು ಮಾಡಬೇಕು?
ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳಿನ ಬೆಳವಣಿಗೆ ತಾಯಿಯ ಥೈರಾಯ್ಡ್ ಹಾರ್ಮೋನನ್ನು ಅವಲಂಬಿಸಿರುತ್ತದೆ. ವೈದ್ಯರು ಪರೀಕ್ಷೆ ಬರೆದುಕೊಟ್ಟಿದ್ದರೆ, ತಿಂಡಿ ತಿಂದಾಯಿತು ಎಂಬ ಕಾರಣಕ್ಕೆ ಮುಂದೂಡಬೇಡಿ.

ನಮ್ಮ ತೀರ್ಮಾನ
ಉಪವಾಸ ಇರದಿದ್ದರೆ ಥೈರಾಯ್ಡ್ ವರದಿ ತಪ್ಪಾಗುತ್ತದೆ ಎಂಬ ಹೇಳಿಕೆ ಬಹುಪಾಲು ತಪ್ಪು. ಲ್ಯಾಬ್‌ಗೆ ಕರೆ ಮಾಡಿ, ಜೊತೆಗೆ ಬೇರೆ ಯಾವ ಪರೀಕ್ಷೆಗಳಿವೆ ಎಂದು ಕೇಳಿಕೊಳ್ಳಿ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರನ್ನು ವೈದ್ಯರಿಗೆ ತಿಳಿಸಿ. ವರದಿಯ ಅಂಕಿ ನೋಡಿ ನೀವೇ ಡೋಸ್ ಬದಲಿಸಬೇಡಿ.