ಶಂಕೆಯ ದಾಖಲೆ ಮತ್ತು ಶಿಕ್ಷೆಯ ದಾಖಲೆ

ಲೈಂಗಿಕ ಅಪರಾಧಿಗಳ ಹೆಸರುಗಳನ್ನು ಸರ್ಕಾರವು ದಾಖಲೆಯೊಂದರಲ್ಲಿ ಬರೆದಿಡುವ ಪದ್ಧತಿಯು ಅಮೆರಿಕದಿಂದ ಬಂದ ಹೊಸ ಏರ್ಪಾಡೆಂದು ಅನೇಕರು ಭಾವಿಸುತ್ತಾರೆ. ಆದರೆ ನಮ್ಮ ದೇಶದಲ್ಲಿ ಇದಕ್ಕೆ ನೂರೈವತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯುಂಟು. ಅಂಥ ದಾಖಲೆಗೆ ಯಾರ ಹೆಸರು ಸೇರಿತು, ಅವರಿಂದ ಒದಗಬಹುದಾದ ಅಪಾಯವನ್ನು ಹೇಗೆ ಅಳೆಯಲಾಯಿತು, ಆ ದಾಖಲೆಯನ್ನು ಯಾರಿಗೆ ತೋರಿಸಲಾಯಿತು ಎಂಬ ಮೂರು ಪ್ರಶ್ನೆಗಳನ್ನು ಬಳ್ಳಾರಿ ಸೀಮೆಯಲ್ಲಿ ನಿಂತು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯ ಎರಡನೆಯ ಭಾಗವು ಉತ್ತರ ಭಾರತದ ಹಿಜಡಾ ಜನರನ್ನು ಕುರಿತದ್ದು. ಬಾಲಕರನ್ನು ಅಪಹರಿಸುವರೆಂದೋ, ಬೀಜ ಒಡೆಯುವರೆಂದೋ, ದಂಡಸಂಹಿತೆಯ 377ನೆಯ ಪ್ರಕರಣದ ಅಪರಾಧವನ್ನು ಮಾಡುವರೆಂದೋ ಶಂಕೆಗೆ ಒಳಗಾದವರ ಹೆಸರು ಮತ್ತು ವಾಸಸ್ಥಳಗಳನ್ನು ದಾಖಲಿಸಬೇಕೆಂದು ಅದು ವಿಧಿಸಿತು. ನ್ಯಾಯಾಲಯದ ತೀರ್ಪು ಬೇಕಿರಲಿಲ್ಲ. ಹೆಸರು ದಾಖಲಾದವರು ಸ್ತ್ರೀವೇಷ ಧರಿಸಿ ಬೀದಿಯಲ್ಲಿ ಕಾಣಿಸಿಕೊಂಡರೂ, ಕುಣಿದರೂ, ವಾದ್ಯ ನುಡಿಸಿದರೂ ವಾರಂಟಿಲ್ಲದೆ ಬಂಧಿಸಿ ಎರಡು ವರ್ಷಗಳವರೆಗೆ ಸೆರೆಯಲ್ಲಿಡಬಹುದಾಗಿತ್ತು. ಅಪಾಯದ ಅಳತೆಗೋಲು ವ್ಯಕ್ತಿಯ ಕೃತ್ಯವಾಗಿರದೆ ಅವನು ಸೇರಿದ ವರ್ಗವೇ ಆಗಿತ್ತೆಂಬುದು ಇದರಿಂದ ವಿದಿತವಾಗುತ್ತದೆ.

ಈ ಕಾಯಿದೆಯು ಆಗ ಮದ್ರಾಸು ಪ್ರಾಂತಕ್ಕೆ ಅನ್ವಯಿಸಲಿಲ್ಲ. 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ಬಳ್ಳಾರಿ ಸೀಮೆಯು ಆ ಪ್ರಾಂತದಲ್ಲಿದ್ದುದರಿಂದ ಸಿರುಗುಪ್ಪ, ಕುರುಗೋಡುಗಳು ಇದರ ಹೊರಗುಳಿದವು. ಆದರೆ ಸಿರುಗುಪ್ಪದ ಬಳಿ ತುಂಗಭದ್ರೆಯನ್ನು ದಾಟಿದರೆ ನಿಜಾಮನ ರಾಜ್ಯ. ಅಲ್ಲಿ ಫಸಲಿ 1329ರಲ್ಲಿ, ಎಂದರೆ 1919ರ ಸುಮಾರಿಗೆ, ಅದೇ ಮಾದರಿಯ ಕಾಯಿದೆ ಹುಟ್ಟಿತು. ಅದು ಹೈದರಾಬಾದು ನಗರಕ್ಕೂ ಸರ್ಕಾರವು ಗೊತ್ತುಮಾಡುವ ಇತರ ಸ್ಥಳಗಳಿಗೂ ಸಂಬಂಧಿಸಿತ್ತು. ಬಳ್ಳಾರಿಯು 1953ರಲ್ಲಿಯೂ ರಾಯಚೂರು 1956ರಲ್ಲಿಯೂ ಮೈಸೂರು ರಾಜ್ಯವನ್ನು ಸೇರಿದವು. ನಿಜಾಮನ ಕಾಯಿದೆಯಾದರೋ ತೆಲಂಗಾಣದ ಶಾಸನಗ್ರಂಥದಲ್ಲಿ ಉಳಿದು, 2023ರಲ್ಲಿ ಅಲ್ಲಿಯ ಉಚ್ಚ ನ್ಯಾಯಾಲಯದಿಂದ ಅಸಿಂಧುವಾಯಿತು.

ಕರ್ನಾಟಕದಲ್ಲಿ ಈ ವಿಚಾರವು ತಡವಾಗಿ ತಲೆಯೆತ್ತಿತು. 2011ರಲ್ಲಿ ಪೊಲೀಸು ಕಾಯಿದೆಗೆ ಸೇರಿಸಿದ 36ಎ ಪ್ರಕರಣವು ಶಂಕಿತ ಹಿಜಡಾ ಜನರ ದಾಖಲೆಯನ್ನಿಡುವ ಅಧಿಕಾರವನ್ನು ಪೊಲೀಸು ಕಮಿಷನರಿಗೆ ನೀಡಿತು. ಅದರ ಭಾಷೆಯಲ್ಲಿ 1871ರ ಮಾತುಗಳೇ ಮತ್ತೆ ಕೇಳಿಬರುತ್ತವೆ. ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನೆಯೆದ್ದ ಮೇಲೆ, 2016ರಲ್ಲಿ ಸಮುದಾಯದ ಹೆಸರನ್ನು ತೆಗೆದು ‘ವ್ಯಕ್ತಿಗಳು’ ಎಂಬ ಪದವನ್ನಿಟ್ಟರು. ಶಂಕೆಯೇ ಆಧಾರವೆಂಬ ಅಂಶ ಮಾತ್ರ ಉಳಿಯಿತು. ಬಳ್ಳಾರಿಯ ಪೊಲೀಸು ಆಡಳಿತವು ಕಮಿಷನರಿನದಲ್ಲ, ಸೂಪರಿಂಟೆಂಡೆಂಟರದು. ಆದಕಾರಣ ಇಲ್ಲಿಯ ಜೋಗತಿಯರಿಗೆ ಇದು ನೇರವಾಗಿ ತಟ್ಟದಿದ್ದರೂ, ಬೆಂಗಳೂರಿಗೆ ಹೋಗಿ ನೆಲಸಿದವರಿಗೆ ತಟ್ಟಬಹುದಾಗಿತ್ತು. ಕುರುಗೋಡು ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಸ್ತ್ರೀವೇಷದಲ್ಲಿ ಜನರೆದುರು ಕುಣಿಯುವ ಯಾವ ಕಲೆಗೆ ಈ ಮನ್ನಣೆ ಸಂದಿತೋ ಅದನ್ನೇ ಹಳೆಯ ಕಾಯಿದೆಯು ಸೆರೆಗೆ ಕಾರಣವೆಂದೆಣಿಸಿತ್ತು.

ಇನ್ನು ಶಿಕ್ಷೆಯ ಆಧಾರದ ದಾಖಲೆಯನ್ನು ನೋಡೋಣ. ಅಮೆರಿಕದ 2006ರ ಶಾಸನವು ಅಪರಾಧಿಗಳನ್ನು ಮೂರು ತರಗತಿಗಳಾಗಿ ವಿಂಗಡಿಸಿ, ಕ್ರಮವಾಗಿ 15 ವರ್ಷ, 25 ವರ್ಷ ಮತ್ತು ಜೀವಾವಧಿ ನೋಂದಣಿಯನ್ನು ವಿಧಿಸಿತು. ತರಗತಿಯು ನಿರ್ಣಯವಾಗುವುದು ಅಪರಾಧದ ಸ್ವರೂಪದಿಂದ. ವ್ಯಕ್ತಿಯು ಮತ್ತೆ ತಪ್ಪು ಮಾಡುವ ಸಂಭವವನ್ನು ಪ್ರತ್ಯೇಕವಾಗಿ ತೂಗುವ ಪದ್ಧತಿ ಕೆಲವು ರಾಜ್ಯಗಳಲ್ಲಿ ಮಾತ್ರ ಇದೆ. ಅಲ್ಲಿ ಹೆಸರು, ಭಾವಚಿತ್ರ, ವಿಳಾಸಗಳನ್ನು ಸಾರ್ವಜನಿಕರು ನೋಡಬಹುದು. ಭಾರತದಲ್ಲಿ 2018ರ ಸೆಪ್ಟೆಂಬರ್ 20ರಂದು ಆರಂಭವಾದ ರಾಷ್ಟ್ರೀಯ ದಾಖಲೆಯಲ್ಲಿ ಸುಮಾರು 4.4 ಲಕ್ಷ ನಮೂದುಗಳಿದ್ದವು. ಇದಕ್ಕೆ ಸೇರುವವರು ಶಿಕ್ಷೆಗೊಳಗಾದವರು; ನೋಡುವ ಅಧಿಕಾರವು ಪೊಲೀಸು ಮುಂತಾದ ತನಿಖಾ ಸಂಸ್ಥೆಗಳಿಗೆ ಮಾತ್ರ.

ಜನರಿಗೂ ತೆರೆದಿಡಬೇಕೆಂಬ ವಾದವನ್ನು ಹಗುರಾಗಿ ಕಾಣಲಾಗದು. ಮಕ್ಕಳ ರಕ್ಷಣೆಯು ಅಲ್ಪ ವಿಷಯವಲ್ಲ. ಆದರೆ ನಮ್ಮ ದೇಶದ ಅಪರಾಧ ಅಂಕಿ ಅಂಶಗಳ ಪ್ರಕಾರ, ಅತ್ಯಾಚಾರದ ಹತ್ತು ಪ್ರಕರಣಗಳಲ್ಲಿ ಒಂಬತ್ತಕ್ಕಿಂತ ಹೆಚ್ಚಿನವುಗಳಲ್ಲಿ ಆರೋಪಿಯು ಬಲ್ಲವನೇ ಆಗಿರುತ್ತಾನೆ: ಬಂಧು, ನೆರೆಯವ, ಒಡನಾಡಿ. ಅಪರಿಚಿತನ ಮೇಲೆ ಕಣ್ಣಿಡುವ ಪಟ್ಟಿಯು ಮನೆಯೊಳಗಿನ ಅಪಾಯವನ್ನು ತೋರಿಸಲಾರದು. ಮೇಲಾಗಿ ಅಪರಾಧಿಯ ವಿಳಾಸವನ್ನು ಸಾರಿದರೆ ಅದೇ ಮನೆಯ ಬಾಧಿತ ಮಗುವಿನ ಗುರುತೂ ಹೊರಬೀಳಬಹುದು. 1871ರ ದಾಖಲೆಯು ವರ್ಗವನ್ನೇ ಅಪರಾಧವೆಂದೆಣಿಸಿ ಕಣ್ಣಿಗೆ ಬೀಳುವವರನ್ನು ಹಿಡಿಯಿತು. ಮನೆಯೊಳಗಿನವರನ್ನು ಅದು ನೋಡಲೇ ಇಲ್ಲ. ಈಗಿನ ದಾಖಲೆಯನ್ನು ಜನರಿಗೆ ತೆರೆಯಬೇಕೆನ್ನುವವರು ಈ ಚರಿತ್ರೆಯನ್ನು ಮೊದಲು ಓದಿಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ.