ಸಿ. ಅಶ್ವತ್ಥ್ ಅವರೂ ಭಾವಗೀತದ ಜನಪ್ರಿಯತೆಯೂ

ಬೆಂಗಳೂರಿನಿಂದ ಮಾಗಡಿಗೆ ಹೋಗುವ ಹೆದ್ದಾರಿಯಲ್ಲಿ ಸುಂಕದಕಟ್ಟೆಯೆಂಬ ಊರಿರುವುದು. ದಾರಿಹೋಕರ ಸರಕಿಗೆ ಸುಂಕವೆತ್ತುತ್ತಿದ್ದ ಕಾಲವನ್ನು ಅದರ ಹೆಸರೇ ಸೂಚಿಸುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಕೆಲವು ಮೈಲಿ ನಡೆದರೆ ಮಲ್ಲತ್ತಹಳ್ಳಿಯ ಕಲಾಗ್ರಾಮವು ಸಿಕ್ಕುವುದು. ಗಾಯಕರಾದ ಸಿ. ಅಶ್ವತ್ಥ್ ಅವರ ಅಂತ್ಯಕ್ರಿಯೆ ನಡೆದುದು ಇಲ್ಲಿಯೇ. 1939ನೆಯ ಇಸವಿಯ ಡಿಸೆಂಬರ್ 29ರಂದು ಹುಟ್ಟಿದ ಅವರು, 2009ರಲ್ಲಿ ಅದೇ ತಾರೀಖಿನಂದು, ಎಪ್ಪತ್ತು ತುಂಬಿದ ದಿನವೇ, ತೀರಿಕೊಂಡರು.

ಹೊಸಗನ್ನಡದ ಕವಿತೆಯನ್ನು ದೇವರನಾಮದ ಸಾಲಿನಲ್ಲಿ ಕುಳ್ಳಿರಿಸಿ ಹಾಡಿದ ಕೀರ್ತಿ ಮೊದಲಿಗೆ ಪಿ. ಕಾಳಿಂಗರಾಯರದು (1914-1981). ಮೋಹನಕುಮಾರಿ, ಸೋಹನಕುಮಾರಿಯರೊಡನೆ ಅವರು ಊರೂರು ಸುತ್ತಿ ಹಾಡಿದುದರಿಂದ, ಪುಸ್ತಕವನ್ನು ಕಾಣದವರ ನಾಲಗೆಯ ಮೇಲೂ ಕವಿವಾಣಿ ನೆಲಸಿತು. ತರುವಾಯ ಬಂದವರಲ್ಲಿ ಮೈಸೂರು ಅನಂತಸ್ವಾಮಿಯವರೂ (1936-1995) ಅಶ್ವತ್ಥರೂ ಮುಖ್ಯರು.

ಅಶ್ವತ್ಥರು ಸಂಗೀತವನ್ನೇ ಹೊಟ್ಟೆಪಾಡಾಗಿ ಹಿಡಿದು ಹೊರಟವರಲ್ಲ. ಬೆಂಗಳೂರಿನ ದೂರವಾಣಿ ಕಾರ್ಖಾನೆಯಲ್ಲಿ ಅನೇಕ ವರ್ಷ ಉದ್ಯೋಗದಲ್ಲಿದ್ದುಕೊಂಡೇ ಅವರು ರಾಗಸಂಯೋಜನೆ ಮಾಡಿದರು. ಮಾಸ್ತಿಯವರ ಕೃತಿಯನ್ನಾಧರಿಸಿದ 'ಕಾಕನಕೋಟೆ' ಚಿತ್ರದಿಂದ ಅವರ ಹೆಸರು ಚಿತ್ರಲೋಕದಲ್ಲಿ ಕೇಳಿಬಂದಿತು. ಆದರೆ ಅವರನ್ನು ಮನೆಮನೆಗೆ ಮುಟ್ಟಿಸಿದುದು ಶಿಶುನಾಳ ಷರೀಫರ (1819-1889) ತತ್ತ್ವಪದಗಳು. ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರು ಆ ಪದಗಳಲ್ಲಿ ಆಸಕ್ತಿಯಿಟ್ಟು ದುಡಿದರು, ಅಶ್ವತ್ಥರು ಕಂಠವನ್ನಿತ್ತರು. ಧ್ವನಿಸುರುಳಿಯ ಕಾಲವಾದುದರಿಂದ ಚಹದ ಅಂಗಡಿಯಲ್ಲಿಯೂ ಷರೀಫಜ್ಜನ ಮಾತು ಕೇಳಿಸತೊಡಗಿತು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಷರೀಫ' ಚಿತ್ರವು ಈ ಪ್ರಸಿದ್ಧಿಗೆ ಕಳಶವಿಟ್ಟಿತು.

ಅವರ ಕಂಠವು ನಯವಾದುದಲ್ಲ. ಎದೆಯಿಂದೆದ್ದು ಮೇಲಣ ಸ್ಥಾಯಿಯಲ್ಲಿ ಹರಿಯುವ ಕಂಠ. ಇದರಲ್ಲಿ ಕವಿಯ ಮಾತು ಮುಳುಗಿಹೋಗುವುದೆಂದು ಆಕ್ಷೇಪಿಸಿದವರುಂಟು. ಆಕ್ಷೇಪವು ತೀರ ಹುರುಳಿಲ್ಲದ್ದೇನೂ ಅಲ್ಲ. ಕೆ. ಎಸ್. ನರಸಿಂಹಸ್ವಾಮಿಗಳ 'ಮೈಸೂರ ಮಲ್ಲಿಗೆ'ಯಂತಹ (1942) ಮೆಲುದನಿಯ ದಾಂಪತ್ಯಗೀತಗಳಿಗೆ ಇಷ್ಟು ಆರ್ಭಟವೇಕೆಂದು ಕೇಳಬಹುದು. ಆದರೆ ತತ್ತ್ವಪದವು ದಿವಾನಖಾನೆಗಾಗಿ ಹುಟ್ಟಿದುದಲ್ಲ. ಬಯಲಿನಲ್ಲಿ, ತಂಬೂರಿ ಮೀಟಿ, ನೆರೆದವರೆಲ್ಲರಿಗೂ ಕೇಳುವಂತೆ ಹಾಡಿದುದು. ಅದಕ್ಕೆ ಬೇಕಾದ ಕಸುವು ಅಶ್ವತ್ಥರಲ್ಲಿದ್ದಿತು. ಕವಿತೆಯ ಸೂಕ್ಷ್ಮವನ್ನು ಕೆಲವೊಮ್ಮೆ ಕಳೆದರೂ ಕವಿತೆಗೆ ಕೇಳುಗರನ್ನು ಗಳಿಸಿಕೊಟ್ಟರೆಂಬುದೇ ನ್ಯಾಯವಾದ ಲೆಕ್ಕ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಸಮಾರಂಭಕ್ಕೆ ಜನಸಾಗರವೇ ನೆರೆಯಿತು. ಸಿನಿಮಾ ತಾರೆಯರಿಗಾಗಿ ಅಲ್ಲ, ಕವಿತೆಗಾಗಿ!

ಇದೇ ಜನಪ್ರಿಯತೆ ಜಗಳಕ್ಕೂ ಕಾರಣವಾಯಿತು. ಕುವೆಂಪು ಅವರ ಗೀತವು 2004ರಲ್ಲಿ ನಾಡಗೀತೆಯೆಂದು ಅಂಗೀಕೃತವಾದ ಮೇಲೆ, ಯಾರ ಧಾಟಿಯಲ್ಲಿ ಹಾಡಬೇಕೆಂಬ ಪ್ರಶ್ನೆಯೆದ್ದಿತು. ಅನಂತಸ್ವಾಮಿಯವರದೊಂದು ಧಾಟಿ, ಅಶ್ವತ್ಥರದೊಂದು. ವಿವಾದವು ಅಶ್ವತ್ಥರ ಕಾಲಾನಂತರವೂ ಎಳೆದು, 2022ರಲ್ಲಿ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನೇ ಗೊತ್ತುಮಾಡಿ, ಎರಡೂವರೆ ನಿಮಿಷದೊಳಗೆ ಹಾಡಿ ಮುಗಿಸಬೇಕೆಂದು ವಿಧಿಸಿತು. ಅಭಿಮಾನಿಗಳಿಗೆ ಇದು ರುಚಿಸಲಿಲ್ಲ. ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು.

ಕಾಣದ ಕಡಲಿಗಾಗಿ ಹಂಬಲಿಸುವ ಮನಸ್ಸನ್ನು ಕುರಿತ ಗೀತವೊಂದನ್ನು ಅಶ್ವತ್ಥರು ನಾಡಿಗೆಲ್ಲ ಹಾಡಿ ಕೇಳಿಸಿದ್ದರು. ಅದರ ಕವಿ ಜಿ. ಎಸ್. ಶಿವರುದ್ರಪ್ಪನವರು 2013ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಅವರ ಅಂತ್ಯಕ್ರಿಯೆಯೂ ಅದೇ ಕಲಾಗ್ರಾಮದಲ್ಲಿ ನಡೆಯಿತು.